ಹೋಲ್ಡಿನಲ್ಲಿಟ್ಟ ಹಾಡು

ಮೊದಲ ದಿನ ಅವನ ಕಾರು ಹತ್ತಿ, ಬಾಗಿಲು ಹಾಕಿಕೊಂಡು, ಇನ್ನೇನು "ನಮಸ್ಕಾರ, ನಾನು ವಿನೀತಾ" ಎನ್ನಬೇಕು, ಅಷ್ಟರಲ್ಲಿ ಸುದರ್ಶನ್ ತುಟಿಯ ಮೇಲೆ ಬೆರಳಿಟ್ಟು, "ಶ್... ಮಾತಾಡ್ಬೇಡಿ" ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಸ್ವೀಡನ್ನಿನ ಚಳಿಯಲ್ಲಿ, ಲಿಂಡ್‌ಹೋಲ್ಮೆನ್‌ನ ನನ್ನ ಆಫೀಸಿನ ಎದುರು ಅಷ್ಟು ಹೊತ್ತಿನಿಂದ ಗಾಳಿಗೆ ನಿಂತಿದ್ದೆ. ಟೋರ್ಸ್‌ಲಾಂಡದ ಕಾರು ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗ ಒಬ್ಬನಿದ್ದಾನೆ, ನಿನ್ನ ಹಾಗೆ ಅವನೂ ಹೊಳೆಯಾಚೆ ಫ್ರೋಲುಂಡದಲ್ಲೇ ಇರುವುದು, ಒಂದೇ ದಾರಿ, ಪೆಟ್ರೋಲು ಹಂಚಿಕೊಂಡು ಹೋಗಿ ಎಂದು ಗೆಳತಿ ಮಧುಶ್ರೀ ಈ ಏರ್ಪಾಡು ಮಾಡಿದ್ದಳು. ಹುಡುಗ ತುಂಬಾ ಡೀಸೆಂಟ್ ಎಂದಿದ್ದಳು. ಇದಾ ಡೀಸೆಂಟು?

"ಕೇಳಿಸ್ತಾ?" ಅವನು ಪಿಸುಗುಟ್ಟಿದ. "ಗ್ಲೌ ಬಾಕ್ಸ್ ಹಿಂದೆ. ಕಿರ್ರ್ ಅಂತಿದೆ."

"ನನಗೆ ಎಲ್ಲಾ ಕೇಳಿಸ್ತದೆ ಮಾರಾಯ್ರೆ. ನಿಮ್ಮ ಮ್ಯಾನರ್ಸ್ ಮಾತ್ರ ಎಲ್ಲೂ ಕೇಳಿಸ್ತಾ ಇಲ್ಲ."

ಆಗ ತಿರುಗಿ ನೋಡಿದ. ಮೊದಲು ಗಾಬರಿ, ಆಮೇಲೆ ನಾಚಿಕೆ, ಆಮೇಲೆ ತಡೆಯಲಾಗದ ನಗು. ಮೂರೂ ಒಂದರ ಹಿಂದೊಂದು ಆ ಮುಖದ ಮೇಲೆ ಬಂದುಹೋದವು. ಕಣ್ಣು ಮಾತ್ರ ನನ್ನ ಮುಖದ ಮೇಲೆ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು. "ಸಾರಿ. ಅದೇ ನನ್ನ ಕೆಲಸ. ಹೊಸ ಕಾರಲ್ಲಿ ಬರಬಾರದ ಸದ್ದು ಎಲ್ಲಿಂದ ಬರುತ್ತೆ ಅಂತ ಹುಡುಕೋದು. ಸಾಯಂಕಾಲ ಆದ್ರೂ ಕಿವಿ ಮುಚ್ಚಲ್ಲ ನೋಡಿ."

"ಪಾಪ, ನಿಮ್ಮನ್ನು ಕಟ್ಟಿಕೊಳ್ಳುವವಳ ಕಥೆ!" ಅಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ನಗುತ್ತಾ ಗೇರ್ ಹಾಕಿದ.

ಅದು ಸೆಪ್ಟೆಂಬರ್, ಎರಡು ಸಾವಿರದ ಒಂಬತ್ತು. ಹಳೆಯ ಸ್ಟೇಷನ್ ವ್ಯಾಗನ್. ಇನ್ನೂ ಕ್ಯಾಸೆಟ್ ಪ್ಲೇಯರ್ ಇದ್ದ ಕಾರು. ದಿನಾ ಸಂಜೆ ಎಲ್ವ್ಸ್‌ಬೋರ್ಗ್ ಸೇತುವೆ ದಾಟಿ ಮನೆ ಮುಟ್ಟುವವರೆಗೆ ಇಬ್ಬರೂ ಜಗಳವಾಡುತ್ತಿದ್ದೆವು. ಅವನ ಬಿಸಿಬೇಳೆ ಬಾತು, ನನ್ನ ಮೀನು ಸಾರು. ಅವನ ಬೆಂಗಳೂರು, ನನ್ನ ಮಂಗಳೂರು. ಮನೆ ಬಂದಾಗ ಜಗಳ ಅರ್ಧಕ್ಕೇ ನಿಲ್ಲುತ್ತಿತ್ತು, ಮಾರನೆಯ ದಿನಕ್ಕೆ ಅಷ್ಟು ಉಳಿದಿರುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಸಂಜೆಯ ಯೋಚನೆ ಬರುವುದು ಒಳ್ಳೆಯ ಲಕ್ಷಣವಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಮಾಡುವುದು?

ಅಕ್ಟೋಬರ್‌ನಲ್ಲಿ ಒಂದು ಸಂಜೆ ಅವನು, "ಕಾರಲ್ಲಿ ಹೊಸದೊಂದು ಸದ್ದು ಬರ್ತಿದೆ. ಟಿಕ್, ಟಿಕ್ ಅಂತ. ನೀವಿದ್ದಾಗ ಮಾತ್ರ ಬರುತ್ತೆ" ಅಂದ.

"ನನ್ನ ಎದೆ ಇರಬೇಕು, ನಿಮ್ಮ ಡ್ರೈವಿಂಗಿಗೆ ಹೆದರಿ."

ಅವನು ನಗಲಿಲ್ಲ. ಕಣ್ಣು ಒಂದು ಕ್ಷಣ ನನ್ನ ಎಡಗೈಗೆ ಬಂದು, ಮತ್ತೆ ರಸ್ತೆಗೆ ಹೋಯಿತು. ಆಗ ನನಗೇ ತಿಳಿಯಿತು. ಯೋಚನೆ ಬಂದಾಗಲೆಲ್ಲ ಬೆರಳಿನ ಉಂಗುರ ತಿರುಗಿಸುವ ಚಾಳಿ ನನಗೆ. ಅದು ಸೀಟ್ ಬೆಲ್ಟಿನ ಕೊಂಡಿಗೆ ತಾಗುತ್ತಿತ್ತು.

ಉಂಗುರ ತೊಡಿಸಿದವರು ಮೆಲ್ವಿನ್‌ನ ತಾಯಿ. ನನಗೆ ಗೊತ್ತುಮಾಡಿದ್ದ ಹುಡುಗ ಮೆಲ್ವಿನ್ ಕುವೈತಿನಲ್ಲಿದ್ದ, ಕೆಟ್ಟವನಲ್ಲ, ಕುಡಿಯುತ್ತಿರಲಿಲ್ಲ, ಪ್ರತಿ ಹಬ್ಬಕ್ಕೂ ತಪ್ಪದೆ ಮೆಸೇಜು ಕಳಿಸುತ್ತಿದ್ದ. ಮದುವೆ ಮೊದಲು ಅವನ ತಂಗಿಯ ಮದುವೆಯ ನಂತರ ಎಂದಿತ್ತು. ಆಮೇಲೆ ಹೊಸ ಮನೆಗೆ ತಾರಸಿ ಹಾಕಿದ ನಂತರ. ಆಮೇಲೆ ಪ್ರಮೋಷನ್. ಈಗ ಈಸ್ಟರ್ ಆಗಲಿ ಎನ್ನುತ್ತಿದ್ದ. ಮೂರು ವರ್ಷವಾಗಿತ್ತು. ನಾನು ಕೇಳಿದರೆ ಗಡಿಬಿಡಿಯ ಹೆಣ್ಣು ಎನ್ನುತ್ತಾರೆ. ಬಿಟ್ಟರೆ ಮಾತಿಗೆ ತಪ್ಪಿದವಳು ಎನ್ನುತ್ತಾರೆ. ನನ್ನ ವರ್ಕ್ ಪರ್ಮಿಟ್ ಕಂಪನಿಯ ಹೆಸರಿಗೆ ಅಂಟಿಕೊಂಡಿತ್ತು, ನಾನು ಮೆಲ್ವಿನ್ನನ ಹೆಸರಿಗೆ. ಚಳಿಗಾಲದಲ್ಲಿ ಮಧ್ಯಾಹ್ನ ಮೂರು ಗಂಟೆಗೇ ಕತ್ತಲಾಗುವ ಆ ಊರಿನಲ್ಲಿ ಕಿಟಕಿಯ ಗಾಜಿಗೆ ಹಣೆ ಹಚ್ಚಿ ನಿಂತರೆ, ಯಾರೋ ನನ್ನನ್ನು ಒಳಗೆ ಹಾಕಿ ಬೀಗದ ಕೈ ಎಲ್ಲೋ ಮರೆತಿದ್ದಾರೆ ಅನ್ನಿಸುತ್ತಿತ್ತು.

"ಮಾತು ಮಾತೇ ಮಗಾ" ಎಂದು ಪ್ರತಿ ಭಾನುವಾರ ಫೋನಿನಲ್ಲಿ ಮಮ್ಮಿ ಹೇಳುತ್ತಿದ್ದಳು. "ನಿನ್ನ ಪಪ್ಪನನ್ನು ನೆನಪು ಮಾಡಿಕೊ."

ಪಪ್ಪನನ್ನು ನಾನು ಮರೆಯುವುದುಂಟೇ? ನನ್ನ ಪಪ್ಪ ಲಾರೆನ್ಸ್ ಬಂದರಿನಲ್ಲಿ ಕ್ಲಾರ್ಕು. ಮನಸ್ಸು ಮಾತ್ರ ಅಮೆರಿಕದ ಕಂಟ್ರಿ ಸಂಗೀತದಲ್ಲಿ. ಹಡಗಿನವರು ಮಾರಿಹೋದ ರೆಕಾರ್ಡುಗಳನ್ನು ತಂದು, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಡುವಿನ ಚೀಟಿ ಓದಿಸುತ್ತಿದ್ದ. "ಹಾಡಿದವನ ಹೆಸರು ದೊಡ್ಡದಾಗಿ ಉಂಟು, ಅದು ಎಲ್ಲರಿಗೂ ಕಾಣ್ತದೆ. ಬರೆದವನದು ಚಿಕ್ಕದು. ರೆಕಾರ್ಡ್ ಮಾಡಿಸಿದವನದು ಇನ್ನೂ ಚಿಕ್ಕದು. ನೀನು ಚಿಕ್ಕದನ್ನು ಮೊದಲು ಓದು ಮಗಾ." ಬೇರೆ ಮಕ್ಕಳಿಗೆ ಸಿನಿಮಾ ಹೀರೋಗಳ ಹೆಸರು ಗೊತ್ತಿದ್ದರೆ, ನನಗೆ ಎಂದೂ ಮುಖ ನೋಡದ ಹಾಡು ಬರಹಗಾರರ ಹೆಸರು ಬಾಯಿಪಾಠ. ಅವರೆಲ್ಲ ನಮ್ಮ ನೆಂಟರೇ ಎಂದು ಎಷ್ಟೋ ಕಾಲ ನಂಬಿದ್ದೆ.

ಪಪ್ಪ ತಾನೂ ಬರೆಯುತ್ತಿದ್ದ. ಕೊಂಕಣಿ ಮಾತು, ಕಂಟ್ರಿ ಧಾಟಿ. ಅವನಿಗೊಬ್ಬ ಪ್ರೊಡ್ಯೂಸರ್ ಕೂಡ ಇದ್ದ, ಕೆಂಚಪ್ಪ ಅಂಕಲ್. ಹಾವೇರಿ ಕಡೆಯವರು, ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಹಂಪನಕಟ್ಟೆಯ ಮಹಡಿಯ ಮೇಲೆ ಕ್ಯಾಸೆಟ್ ಸ್ಟುಡಿಯೋ ಇಟ್ಟವರು. ಕೊಂಕಣಿ ಬಾರದ ಆ ಮನುಷ್ಯ ಕೊಂಕಣಿಯ ಎಷ್ಟೋ ಒಳ್ಳೆಯ ಹಾಡುಗಳನ್ನು ರೆಕಾರ್ಡ್ ಮಾಡಿಸಿದರು. ಅವರದೊಂದು ಪರೀಕ್ಷೆ ಇತ್ತು. ಹಾಡು ತಯಾರಾದ ಮೇಲೆ ಎಲ್ಲರನ್ನೂ ತಮ್ಮ ಅಂಬಾಸಿಡರ್ ಕಾರಿನಲ್ಲಿ ತುಂಬಿಸಿ, ಎಂಜಿನ್ ಚಾಲೂ ಮಾಡಿ, ಕಿಟಕಿ ಇಳಿಸಿ, ಬಸ್ಸುಗಳ ಹಾರ್ನಿನ ನಡುವೆ ಕದ್ರಿಯ ತನಕ ಹೋಗುವುದು. ಅಷ್ಟು ಗದ್ದಲದಲ್ಲೂ ಮಾತು ಬಿಡಿಸಿ ಕೇಳಿದರೆ ಹಾಡು ಪಾಸ್. ಇಲ್ಲದಿದ್ದರೆ, "ಮತ್ತ ಬರಿ ಲಾರೆನ್ಸಾ." ಹಿಂದಿನ ಸೀಟಿನಲ್ಲಿ ಗಿಟಾರಿನ ಪಕ್ಕ ಮುದುಡಿ ಕೂತು ಐಸ್‌ಕ್ಯಾಂಡಿ ಚೀಪುತ್ತಿದ್ದ ನಾನು ಜಗತ್ತಿನ ಅತ್ಯಂತ ಸುಖಿ ಹುಡುಗಿ.

ಇದನ್ನೆಲ್ಲ ಸುದರ್ಶನ್‌ಗೆ ಹೇಳಿದಾಗ ಅವನು ಕಾರನ್ನು ಪಕ್ಕಕ್ಕೇ ನಿಲ್ಲಿಸಿಬಿಟ್ಟ. "ಆ ಅಂಬಾಸಿಡರ್ ಅಂಕಲ್ ನಮ್ಮ ಲ್ಯಾಬಲ್ಲಿ ಇರ್ಬೇಕಿತ್ತು ರೀ! ಅವರ ಹಾಡು ಒಂದಾದ್ರೂ ಇದ್ಯಾ ನಿಮ್ಮ ಹತ್ರ?"

ಒಂದಿತ್ತು. ಪಪ್ಪನದೇ ಧ್ವನಿಯಲ್ಲಿ, ಒಂದೇ ಗಿಟಾರಿನ ಜೊತೆ ಹಾಡಿದ ದೋಣಿಯ ಹಾಡು. ಪಪ್ಪ ತೀರಿಕೊಂಡ ಮೇಲೆ ಆ ಕ್ಯಾಸೆಟ್ ನನ್ನ ಜೊತೆ ಸ್ವೀಡನ್ನಿಗೆ ಬಂದಿತ್ತು. ಟೇಪು ಸೊರಗಿಹೋಗಿತ್ತು. ನಾನು ಸರಿಮಾಡಿಕೊಡ್ತೀನಿ ಎಂದು ಸುದರ್ಶನ್ ಎರಡೂ ಕೈಯಲ್ಲಿ ಇಸಿದುಕೊಂಡು ಹೋದ, ಪ್ರಸಾದ ತೆಗೆದುಕೊಂಡ ಹಾಗೆ. ಆ ಎರಡು ಕೈಗಳನ್ನು ನೋಡಿದ ದಿನ ನಾನು ಪೂರ್ತಿ ಮುಳುಗಿದೆ.

ಡಿಸೆಂಬರಿನ ಆ ಸಂಜೆ ಹಿಮ ಅಡ್ಡಡ್ಡ ಬೀಳುತ್ತಿತ್ತು. ಸೇತುವೆಯ ನಟ್ಟನಡುವೆ ಬಂದಾಗ ಮುಂದಿನ ಕೆಂಪು ದೀಪಗಳೆಲ್ಲ ನಿಂತುಬಿಟ್ಟವು. ಎಲ್ಲೋ ಮುಂದೆ ಲಾರಿಯೊಂದು ಅಡ್ಡ ತಿರುಗಿದೆ, ತೆರವು ಮಾಡಲು ಹೊತ್ತು ಹಿಡಿಯುತ್ತದೆ ಎಂದು ರೇಡಿಯೋ ಹೇಳಿತು. ಮುಂದೆ ಹೋಗುವ ಹಾಗಿಲ್ಲ, ಹಿಂದೆ ತಿರುಗುವ ಹಾಗಿಲ್ಲ, ಕೆಳಗೆ ಕಪ್ಪು ಹೊಳೆ. ಇಷ್ಟು ಕಾರುಗಳಲ್ಲಿ ಒಬ್ಬರೂ ಹಾರ್ನ್ ಮಾಡಲಿಲ್ಲ.

"ನಮ್ಮೂರಾಗಿದ್ರೆ ಇಷ್ಟೊತ್ತಿಗೆ ಕಿವಿ ತೂತಾಗ್ತಿತ್ತು" ಅಂದೆ. "ಇಲ್ಲಿ ಬಂದಮೇಲೆ ಒಂದು ಹಾರ್ನ್ ಕೇಳಿಲ್ಲ ನಾನು. ಇವರಿಗೆ ಕೋಪ ಬರುವುದೇ ಇಲ್ಲವಾ?"

"ಬರುತ್ತೆ. ಒಳಗೇ ಇಟ್ಕೋತಾರೆ." ನನ್ನ ಕಡೆ ಓರೆನೋಟ ಬೀರಿದ. "ಕೆಲವರ ಹಾಗೆ."

"ಎಂತ ಕೆಲವರು? ಹೆಸರು ಹೇಳಿ."

ಅವನು ಜೇಬಿನಿಂದ ಕ್ಯಾಸೆಟ್ ತೆಗೆದು ಪ್ಲೇಯರಿಗೆ ತಳ್ಳಿದ. ಎಂಜಿನ್ ಗುರುಗುಡುತ್ತಿತ್ತು, ಗಾಳಿ ಕಾರನ್ನು ಅಲ್ಲಾಡಿಸುತ್ತಿತ್ತು. ಅಷ್ಟು ಸದ್ದಿನ ನಡುವೆ ಪಪ್ಪ ಹಾಡಿದ. ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿತು. ಪಪ್ಪ ಉಸಿರು ಎಳೆದುಕೊಂಡದ್ದು ಕೂಡ ಕೇಳಿತು.

"ಕೆಂಚಪ್ಪನವರ ಟೆಸ್ಟಲ್ಲಿ ಪಾಸ್" ಎಂದು ಸುದರ್ಶನ್ ಮೆಲ್ಲಗೆ ಹೇಳಿದ. "ಏನರ್ಥ?"

"ಗುರುಪುರ ಹೊಳೆಯ ದಂಡೆಯಲ್ಲಿ ಒಬ್ಬಳು ನಿಂತಿದ್ದಾಳೆ. ದೋಣಿ ಆಚೆ ದಡದಲ್ಲಿ ಉಂಟು. ಕೂಗಿದರೆ ಬರ್ತದೆ. ಕೂಗಲಿಕ್ಕೆ ಅವಳಿಗೆ ನಾಚಿಕೆ. ಮಮ್ಮಿಯ ಮೇಲೆ ಬರೆದದ್ದು. ಮಮ್ಮಿ ಇದನ್ನು ಪೂರ್ತಿ ಕೇಳಿಯೇ ಇಲ್ಲ."

"ಯಾಕೆ?"

"ಹೋಲ್ಡಿನಲ್ಲಿತ್ತು. ಪ್ರೊಡ್ಯೂಸರಿಗೆ ಒಂದು ಹಾಡು ಇಷ್ಟವಾದರೆ 'ಇದು ನನಗಿರಲಿ, ಯಾರಿಗೂ ಕೊಡಬೇಡ' ಅಂತಾನೆ. ಅವನು ಬಿಡುವವರೆಗೆ ಬರೆದವನು ಬೇರೆಯವರಿಗೆ ಕೊಡುವ ಹಾಗಿಲ್ಲ. ಅಮೆರಿಕದಲ್ಲಿ ಹಾಗೇ ಅಂತೆ. ಕೆಂಚಪ್ಪ ಅಂಕಲ್ ಇದನ್ನು ಹಿಡಿದಿಟ್ಟರು, ಬಿಡಲಿಲ್ಲ. ಪಪ್ಪ ಮಾತಿನ ಮನುಷ್ಯ. ಮನೆಯಲ್ಲೂ ಹಾಡಲಿಲ್ಲ, ಈ ಕ್ಯಾಸೆಟ್ಟನ್ನೂ ಮಮ್ಮಿಗೆ ಕೇಳಿಸಲಿಲ್ಲ. ಹದಿನೆಂಟು ವರ್ಷ ಬರೀ ಗುನುಗಿದ."

"ಈ ಕ್ರಿಸ್ಮಸ್‌ಗೆ ನೀವು ಹಾಡಿ ರೀ, ಇಲ್ಲಿರೋ ನಿಮ್ಮ ಮಂಗಳೂರಿನವರೆಲ್ಲ ಸೇರ್ತಾರಲ್ಲ."

"ಹೋಲ್ಡ್ ಉಂಟಲ್ಲ!"

"ಕೆಂಚಪ್ಪನವರು ಇದ್ದಾರಾ?"

"ಇದ್ದಾರೆ. ಮೊಮ್ಮಕ್ಕಳ ಜೊತೆ."

"ಹಾಗಾದ್ರೆ ಕೇಳಿ."

ಕೇಳುವುದೇ? ಆ ಮಾತು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾನು ಅವನ ಮುಖವನ್ನೇ ನೋಡಿದೆ. ಅವನು ನನ್ನ ಫೋನ್ ತೆಗೆದು ನನ್ನ ಕೈಯಲ್ಲಿಟ್ಟ.

ಮಂಗಳೂರಿನಲ್ಲಿ ಆಗ ರಾತ್ರಿ ಊಟದ ಹೊತ್ತು. ನಡುಗುವ ಹಳೆಯ ಧ್ವನಿ, "ಯಾರು ಮಾತಾಡೋದು?" ಅಂದಿತು.

"ಅಂಕಲ್, ನಾನು ವಿನೀತಾ. ಲಾರೆನ್ಸ್ ಮಗಳು. ಸ್ವೀಡನ್ನಿಂದ."

"ಲಾರೆನ್ಸನ ಮಗಳಾ? ನಮ್ಮವ್ವ! ಎಷ್ಟು ದೂರದಿಂದ ನೆನಪು ಮಾಡಿಕೊಂಡಿ! ಐಸ್‌ಕ್ಯಾಂಡಿ ನನ್ನ ಸೀಟಿಗೆಲ್ಲಾ ಮೆತ್ತತಿದ್ದಿ ನೀನು!"

ನಗು, ಅಳು ಎರಡೂ ಒಟ್ಟಿಗೆ ಬಂತು. "ಅಂಕಲ್, ಆ ದೋಣಿ ಹಾಡು... ನಿಮ್ಮ ಹೋಲ್ಡಿನಲ್ಲಿ ಉಂಟಲ್ಲ. ನಾನು ಹಾಡಬಹುದಾ?"



"ಯಾವ ಹೋಲ್ಡವ್ವ? ಅದು ಮುಗದು ಯಾವ ಕಾಲ ಆತು! ಆ ವರ್ಷದ ಕ್ರಿಸ್ಮಸ್ ಕ್ಯಾಸೆಟ್ಟಿಗೆ ಅಂತ ಹಿಡದಿದ್ದೆ. ಕ್ಯಾಸೆಟ್ ಬರಲಿಲ್ಲ. ಲಾರೆನ್ಸ ಬಂದು ಕೇಳತಾನ, ಕೊಟ್ಟುಬಿಡೂಣು ಅಂತ ಕುಂತಿದ್ದೆ. ಅವ ಕೇಳಲೇ ಇಲ್ಲ."

"ನೀವೇ ಹೇಳಬಹುದಿತ್ತಲ್ಲ ಅಂಕಲ್?"

"ಹ್ಯಾಂಗ ಹೇಳಲಿ? ನಾನಾಗೇ 'ನನಗ ಬ್ಯಾಡ' ಅಂದ್ರ ಹಾಡು ಚೊಲೊ ಇಲ್ಲ ಅಂದಂಗ ಆಗತಿತ್ತು. ಅಂಥಾ ಹಾಡಿಗೆ ಆ ಮಾತು ಹ್ಯಾಂಗ ಅನ್ನಲಿ? ಬರದಾವ ಕೇಳಬೇಕು, ಹಿಡದಾವ ಬಿಡಬೇಕು. ಅವ ನನ್ನ ಬಾಯಿ ನೋಡಿದ, ನಾ ಅವನ ಬಾಯಿ ನೋಡಿದೆ. ಇಬ್ಬರೂ ದೊಡ್ಡ ಮರ್ಯಾದಸ್ತರು!" ಮುದುಕರ ಧ್ವನಿ ಒಡೆಯಿತು. "ಹಾಡವ್ವ. ಮೊದಲು ನಿಮ್ಮಮ್ಮಗ ಕೇಳಿಸು."

ಫೋನ್ ಇಟ್ಟೆ. ಒಂದೇ ಒಂದು ಮಾತು. ಹಂಪನಕಟ್ಟೆಯ ಆ ಮೆಟ್ಟಿಲು ಹತ್ತಿ ಪಪ್ಪ ಒಂದು ಮಾತು ಕೇಳಿದ್ದರೆ ಸಾಕಿತ್ತು. ದೋಣಿಗೆ ಕೂಗಲಾಗದ ಹುಡುಗಿಯ ಹಾಡು ಬರೆದವನು ತಾನೇ ಕೂಗದೆ ಹೋಗಿಬಿಟ್ಟ. ಅವನ ಮಗಳು ಉಂಗುರ ತಿರುಗಿಸುತ್ತಾ ಕೂತಿದ್ದಳು. ಟಿಕ್, ಟಿಕ್.

"ಸುದರ್ಶನ್, ನಾನು ಇನ್ನೊಂದು ಫೋನ್ ಮಾಡಬೇಕು. ಕುವೈತಿಗೆ."

ಅವನ ಮುಖದ ಬಣ್ಣ ಇಳಿಯಿತು. ಉಂಗುರದ ಕಥೆ ನಾನು ಎಂದೂ ಹೇಳಿರಲಿಲ್ಲ, ಮಧುಶ್ರೀ ಹೇಳಿರಬೇಕು. "ನಾನು ಕೆಳಗೆ ಇಳೀತೀನಿ" ಎಂದು ಬಾಗಿಲಿಗೆ ಕೈ ಹಾಕಿದ.

"ಈ ಗಾಳಿಯಲ್ಲಾ? ಹೊಳೆಗೆ ಹಾರಿಹೋಗ್ತೀರಿ. ಕೂತ್ಕೊಳ್ಳಿ!"

ಆಗ ಅವನು ಮಾಡಿದ್ದನ್ನು ನೆನೆದರೆ ಇಂದಿಗೂ ನನಗೆ ಮುದ್ದು ಬರುತ್ತದೆ. ಹಿಂದಿನ ಸೀಟಿನಿಂದ ಫ್ಯಾಕ್ಟರಿಯಲ್ಲಿ ಹಾಕಿಕೊಳ್ಳುವ ದಪ್ಪ ಇಯರ್‌ಮಫ್ ಎಳೆದು ಕಿವಿಗೆ ಏರಿಸಿ, ಕಣ್ಣು ಕೂಡ ಮುಚ್ಚಿ, ಕೈಕಟ್ಟಿ ಕೂತುಬಿಟ್ಟ. ಮೆಲ್ವಿನ್ ಮತ್ತು ನಾನು ಮಾತಾಡುವುದು ಕೊಂಕಣಿಯಲ್ಲಿ, ಕೇಳಿದರೂ ಅವನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ.

"ಮೆಲ್ವಿನ್, ನೀನು ನನ್ನನ್ನು ಮದುವೆಯಾಗುತ್ತೀಯಾ?" ನೇರವಾಗಿ ಕೇಳಿದೆ.

"ಈಗ ಎಂತ ಅದು ವಿನೀತಾ? ಈಸ್ಟರ್ ಆಗಲಿ ಅಂದಿದ್ದೆನಲ್ಲ."

"ಯಾವ ವರ್ಷದ ಈಸ್ಟರ್?"

ಉತ್ತರ ಬರಲಿಲ್ಲ. ಅವನು ಸುಳ್ಳು ಹೇಳುವವನಲ್ಲ. ಅದಕ್ಕೆ ಈಗಲೂ ಅವನ ಮೇಲೆ ನನಗೆ ಗೌರವವಿದೆ.

"ಹಾಗಾದರೆ ಬಿಟ್ಟುಬಿಡು. ಉಂಗುರ ನಿನ್ನ ಮಮ್ಮಿಗೆ ತಲುಪಿಸುತ್ತೇನೆ."

"ಜನ ಕೇಳಿದರೆ ಏನು ಹೇಳಲಿ?"

"ವಿನೀತಾ ಮಾತಿಗೆ ತಪ್ಪಿದಳು ಅಂತ ಹೇಳು. ಕೆಟ್ಟ ಹೆಸರು ನನಗಿರಲಿ."

ಕೊನೆಗೆ ಮೆಲ್ವಿನ್ ಕೇಳಿದ. "ಅಲ್ಲಿ ಯಾರಾದರೂ ಇದ್ದಾರಾ?"

ಪಕ್ಕಕ್ಕೆ ನೋಡಿದೆ. ಇಯರ್‌ಮಫ್ ತೊಟ್ಟು, ಕಣ್ಣು ಬಿಗಿಯಾಗಿ ಮುಚ್ಚಿ, ಶಾಲೆಯಲ್ಲಿ ಶಿಕ್ಷೆಗೆ ಕೂತವನ ಹಾಗೆ ಕೂತಿದ್ದ.

"ಇದ್ದಾನೆ. ಅವನಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ ಹೇಳಿದೆ."

ಉಂಗುರ ಬೇಗ ಬರಲಿಲ್ಲ, ಚಳಿಗೆ ಬೆರಳು ಊದಿತ್ತು. ತಿರುಗಿಸಿ ತಿರುಗಿಸಿ ತೆಗೆದು ಕರ್ಚೀಫಿನಲ್ಲಿ ಗಂಟು ಕಟ್ಟಿ ಬ್ಯಾಗಿನ ತಳಕ್ಕೆ ಹಾಕಿದೆ. ಆಮೇಲೆ ಅತ್ತೆ, ಜೋರಾಗಿ. ಮಮ್ಮಿಯ ಮುಖ ಕಣ್ಣೆದುರು ಬಂತು. ಲಾರೆನ್ಸನ ಮಗಳು ಮಾತು ಮುರಿದಳು, ಅದೂ ಹಿಂದೂ ಹುಡುಗನಿಗಾಗಿ ಎಂದು ಊರಿನಲ್ಲಿ ನಮ್ಮ ಇಡೀ ಕೇರಿಯೇ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಭಾನುವಾರ ಮೊದಲು ಹಾಡು ಕೇಳಿಸುತ್ತೇನೆ, ಆಮೇಲೆ ಬೈಸಿಕೊಳ್ಳುತ್ತೇನೆ.

ಮೂಗು ಒರೆಸಿಕೊಂಡು ಅವನ ಇಯರ್‌ಮಫ್‌ನ ಒಂದು ಕಡೆ ಎತ್ತಿದೆ.

"ಇಲ್ಲಿ ಕೇಳು" ಅಂದೆ. ಮೊದಲ ಸಲ ನೀನು ಎಂದಿದ್ದೆ. ಅವನ ಕಣ್ಣು ಫಕ್ಕನೆ ತೆರೆಯಿತು. "ನಿನ್ನನ್ನು ಕಂಡರೆ ನನಗೆ ತುಂಬಾ ಇಷ್ಟ. ಸಾಯುವಷ್ಟು ಇಷ್ಟ. ನಿನಗೂ ಇದ್ದರೆ ಈಗಲೇ ಹೇಳು, ಇಲ್ಲದಿದ್ದರೂ ಈಗಲೇ ಹೇಳು. ನನ್ನನ್ನು ಹೋಲ್ಡಿನಲ್ಲಿ ಮಾತ್ರ ಇಡಬೇಡ ಮಾರಾಯ. ನನ್ನಿಂದ ಇನ್ನು ಆಗುವುದಿಲ್ಲ."

ಅವನು ತುಟಿಯ ಮೇಲೆ ಬೆರಳಿಟ್ಟ. "ಶ್... ಮಾತಾಡ್ಬೇಡ."

"ಈಗಲೂ ಎಂಥ ಸದ್ದು ನಿನಗೆ!"

"ಅದೇ. ಸದ್ದು ನಿಂತಿದೆ." ನನ್ನ ಖಾಲಿ ಬೆರಳನ್ನು ನೋಡಿದ. ಮುಟ್ಟಲೋ ಬೇಡವೋ ಎಂದು ಅವನ ಕೈ ಗೇರಿನ ಮೇಲೇ ತಡವರಿಸಿತು, ಆಮೇಲೆ ಬಂದು ನನ್ನ ಬೆರಳುಗಳನ್ನು ಹಿಡಿಯಿತು. ಬೆಚ್ಚಗಿತ್ತು. "ಅಕ್ಟೋಬರ್‌ನಿಂದ ಆ ಸದ್ದು ಕೇಳಿ ಕೇಳಿ ನಂಗೆ ನಿದ್ದೆ ಇಲ್ಲ ವಿನೀತಾ. ಬೇರೆ ಯಾವ ಸದ್ದಾದ್ರೂ ರಿಪೇರಿ ಮಾಡ್ಬಹುದು. ಅದನ್ನ ಮಾತ್ರ ಬಿಚ್ಚೋಕೆ ನಂಗೆ ಹಕ್ಕಿರ್ಲಿಲ್ಲ."

"ಇದು ಉತ್ತರವಾ?"

"ಇನ್ನೊಂದು ಹೇಳ್ತೀನಿ, ಬೈಬೇಡ. ಟೋರ್ಸ್‌ಲಾಂಡದಿಂದ ಬಂದ್ರೆ ಮೊದಲು ಸಿಗೋದು ಈ ಸೇತುವೆ. ಲಿಂಡ್‌ಹೋಲ್ಮೆನ್ ಇನ್ನೂ ಮುಂದೆ. ನಮ್ಮಿಬ್ಬರದೂ ಒಂದೇ ದಾರಿ ಅಲ್ಲವೇ ಅಲ್ಲ. ದಿನಾ ಸೇತುವೆ ಬಿಟ್ಟು ಮುಂದೆ ಹೋಗಿ, ನಿನ್ನ ಹತ್ತಿಸ್ಕೊಂಡು ವಾಪಸ್ ಬರ್ತೀನಿ. ಮಧುಶ್ರೀ ಮನೇಲಿ ನಿನ್ನ ಒಂದ್ಸಲ ನೋಡಿದ್ದೆ, ನೀನು ನನ್ನ ನೋಡಿರಲಿಲ್ಲ."

"ಕಳ್ಳಾ! ಅರ್ಧ ಪೆಟ್ರೋಲು ನಾನು ಕೊಟ್ಟಿದ್ದೇನೆ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತಾಗ ಅವನ ಮುಖ ಇಷ್ಟು ಹತ್ತಿರದಲ್ಲಿತ್ತು, ರೆಪ್ಪೆಗಳನ್ನು ಎಣಿಸಬಹುದಿತ್ತು. ನನ್ನ ಕೆನ್ನೆಯ ಮೇಲೆ ಉಳಿದಿದ್ದ ನೀರನ್ನು ಹೆಬ್ಬೆರಳಿನಿಂದ ಒರೆಸಿದ. ನಾನು ಕಣ್ಣು ಮುಚ್ಚಿದೆ.

ಪೋಂ! ಹಿಂದಿನಿಂದ ಯಾರೋ ಗಟ್ಟಿಯಾಗಿ ಹಾರ್ನ್ ಒತ್ತಿದರು.

ಕಣ್ಣು ಬಿಟ್ಟೆ. ನಮ್ಮ ಮುಂದೆ ಒಂದು ಕಾರೂ ಇರಲಿಲ್ಲ. ದಾರಿ ಯಾವಾಗಲೋ ಬಿಟ್ಟುಕೊಟ್ಟಿತ್ತು, ಸೇತುವೆ ಖಾಲಿಯಾಗಿ ಫ್ರೋಲುಂಡದ ದೀಪಗಳ ತನಕ ಚಾಚಿಕೊಂಡಿತ್ತು. ಸ್ವೀಡನ್ನಿಗೆ ಬಂದಮೇಲೆ ನಾನು ಕೇಳಿದ ಮೊದಲ ಹಾರ್ನ್ ಅದು.

"ಅಯ್ಯೋ, ಎಷ್ಟೊತ್ತಾಯ್ತೋ ಏನೋ, ಪಾಪ!" ಎಂದು ಸುದರ್ಶನ್ ಗಡಬಡಿಸಿ ಸ್ಟಿಯರಿಂಗ್ ಹಿಡಿದ. ಒಂದೇ ಕೈಯಲ್ಲಿ. ಇನ್ನೊಂದನ್ನು ನಾನು ಬಿಡಲಿಲ್ಲ.

"ಕೂಗ್ತಾ ಇದ್ದಾರೆ ಮಾರಾಯ" ಅಂದೆ. "ಹೊರಡು."